ಮೂರನೆಯ ಕಂಬದ ಹಿಂದಿನ ಚೀಲ

ಬ್ಯಾಡಗಿಯಲ್ಲಿ ಪೊಲೀಸ್ ಠಾಣೆಯಿಂದ ಹಳೇ ಗೋದಾಮುಗಳ ಓಣಿಗೆ ಬರುವ ದಾರಿಯಲ್ಲಿ ಒಂದು ಬಾವಿ ಇದೆ. ಕಲ್ಲಿನ ಕಟ್ಟೆ. ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿ ಮುಚ್ಚಿದ್ದಾರೆ. ಈಗ ಅದರ ನೀರು ಯಾರೂ ಸೇದುವುದಿಲ್ಲ. ಹಗಲಲ್ಲಿ ಹಮಾಲರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ರಾತ್ರಿ... ಯಾರೂ ಕೂಡುವುದಿಲ್ಲ.

ಆ ಬುಧವಾರ ರಾತ್ರಿ ಹತ್ತೂವರೆಗೆ ನಮ್ಮ ಚಿಕ್ಕವ್ವನ ಮಗಳು ದ್ರಾಕ್ಷಾಯಿಣಿ ಆ ದಾರಿಯಲ್ಲಿ ನಡೆದು ಬರುತ್ತಿದ್ದಳು. ಆಕೆ ನನಗೆ ಹೇಳಿದಂತೆಯೇ ಹೇಳುತ್ತೇನೆ, ಒಂದು ಮಾತೂ ಕೂಡಿಸುವುದಿಲ್ಲ. ದ್ರಾಕ್ಷಾಯಿಣಿ ಕತೆ ಕಟ್ಟುವ ಪೈಕಿ ಅಲ್ಲ. ಅಳೆದು ಬರೆಯುವುದೇ ಆಕೆಯ ಕೆಲಸ. ಎಲ್ಲಾದರೂ ಬೆಂಕಿ ಬಿದ್ದರೆ ಅದು ಎಲ್ಲಿ ಹುಟ್ಟಿತು, ಯಾತರಿಂದ ಹುಟ್ಟಿತು ಅಂತ ಬೂದಿ ಕೆದಕಿ ಹೇಳುವ ಸರ್ಕಾರಿ ನೌಕರಿ. ಇರುವುದು ಹಾವೇರಿಯಲ್ಲಿ. ಅವತ್ತು ಬ್ಯಾಡಗಿಯ ಸೋದರತ್ತೆಯ ಮನೆಯಲ್ಲಿ ಉಳಿಯುವುದಿತ್ತು.

ಎಂಟು ದಿನದಲ್ಲಿ ಅದು ಮೂರನೆಯ ಬೆಂಕಿ. ಮೊದಲು ಹೊಸರಿತ್ತಿಯಲ್ಲಿ ಒಂದು ಮೇವಿನ ಬಣವೆ. ಆಮೇಲೆ ರಾಣೆಬೆನ್ನೂರಿನಲ್ಲಿ ಒಂದು ಬಟ್ಟೆ ಅಂಗಡಿ. ರವಿವಾರ ರಾತ್ರಿ ಇದು, ಕೊಟ್ರಪ್ಪ ಅನ್ನುವ ವ್ಯಾಪಾರಿಯ ಮೆಣಸಿನಕಾಯಿ ಗೋದಾಮು. ಸುಟ್ಟ ಮೆಣಸಿನಕಾಯಿಯ ಘಾಟಿನಲ್ಲಿ ಮೂರು ದಿನ ಕಳೆದಿದ್ದಳು. ಕಣ್ಣು ಕೆಂಪಾಗಿದ್ದವು. ಗಂಟಲು ಕಟ್ಟಿತ್ತು. ಎರಡು ಜೋಡಿ ಕೈಗವಸು ಹರಿದು, ಖಾರ ಒಳಗಿಳಿದು, ಅಂಗೈ ಧಗಧಗ ಉರಿಯುತ್ತಿದ್ದವು. ಎಲ್ಲಾದರೂ ಅಡ್ಡಾದರೆ ಸಾಕು ಅನ್ನುವುದು ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ.

ಇಲ್ಲ... ಇನ್ನೊಂದಿತ್ತು. ಹನುಮಪ್ಪ.

ಹನುಮಪ್ಪ ಆ ಗೋದಾಮಿನ ರಾತ್ರಿ ಕಾವಲುಗಾರ. ಅರವತ್ತರ ಹತ್ತಿರದ ಮನುಷ್ಯ. ಬಾಗಿಲ ಬಳಿ ಅವನ ಬೀಡಿ ತುಂಡು ಸಿಕ್ಕಿದ್ದವು, ಕಡ್ಡಿಪೆಟ್ಟಿಗೆ ಸಿಕ್ಕಿತ್ತು. ರವಿವಾರ ರಾತ್ರಿ ಹೊತ್ತಾಯಿತು ಅಂತ ಒಳಗೇ ಮಲಗಿದ್ದ ಉಚ್ಚಂಗೆವ್ವ ಅನ್ನುವ ಮುದುಕಿ ಹೊಗೆ ಕುಡಿದು ಸತ್ತಿದ್ದಳು. ಕಾಯಿಯಿಂದ ತೊಟ್ಟು ಮುರಿಯುವುದಕ್ಕೆ ಅಲ್ಲಿ ತುಂಬು ಬಿಡಿಸುವುದು ಅಂತಾರೆ. ಆ ಕೆಲಸದ ಹೆಣ್ಣುಮಕ್ಕಳಿಗೆಲ್ಲ ಅವಳೇ ಹಿರಿಯಳು. ಹನುಮಪ್ಪ ಅವಳನ್ನು ಅಕ್ಕ ಅನ್ನುತ್ತಿದ್ದ. ದಿನಾ ಸಂಜೆ ಅವಳ ಬುತ್ತಿಯ ಅರ್ಧ ರೊಟ್ಟಿ ಅವನದು. ದ್ರಾಕ್ಷಾಯಿಣಿ ಸೋಮವಾರ ಬರುವ ಹೊತ್ತಿಗೆ ಹೆಣವನ್ನು ದವಾಖಾನೆಗೆ ಒಯ್ದಿದ್ದರು. ಮುದುಕಿಯ ಮುಖ ಆಕೆ ನೋಡಿರಲಿಲ್ಲ.

ಬುಧವಾರ ಮಧ್ಯಾಹ್ನ ಹನುಮಪ್ಪನನ್ನು ಹಿಡಿದು ತಂದು ಕೂಡಿಸಿದ್ದರು. ರಾತ್ರಿ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ರುದ್ರಮುನಿ ಕುರ್ಚಿಯಲ್ಲಿ ಅರ್ಧ ಮಲಗಿಕೊಂಡೇ ಕೇಳಿದ.

“ಮೇಡಂ, ಮೂರ ದಿನ ಆತ್ರಿ. ಏನ ಬರೀತೀರಿ?”

“ಬೆಂಕಿ ಬಾಗಲದಾಗ ಹುಟ್ಟಿಲ್ರಿ. ಹಿಂದ, ಎಡಗಡೆ ಮೂಲ್ಯಾಗ ಹುಟ್ಟೈತಿ. ಮೂರನೇ ಕಂಬದ ಹಿಂದ.”

“ಅಲ್ಲೇನೈತಿ?”

“ಏನೂ ಇಲ್ಲ.”

“ಏನೂ ಇಲ್ಲದಲ್ಲೆ ಬೆಂಕಿ ಹತ್ತತೈತೇನ್ರಿ?”

“ಕಾರಣ ಗೊತ್ತಾಗಿಲ್ಲ ಅಂತ ಬರೀತೇನಿ.”

“ಬರೀರಿ. ನಿಮಗ ಗೊತ್ತಾಗಿಲ್ಲ ಅಂದ್ರ ನಮ್ಮ ಕಡೆ ಬೀಡಿ ಉಳೀತಲ್ರಿ. ನಾಳೆ ಕೋರ್ಟಿಗೆ ಅದ ಹೊಕ್ಕೈತಿ.” ಅವನು ಆಕಳಿಸಿದ. ಅವನೂ ಮೂರು ದಿನದಿಂದ ಮಲಗಿರಲಿಲ್ಲ. “ಬೆಳಿಗ್ಗೆ ಏಳಕ್ಕ ಕೊಟ್ರಪ್ಪ ಜೆಸಿಬಿ ತರಸ್ತಾನ. ನೀವ ಸಹಿ ಮಾಡೀರಿ. ಸಾಕ ಮಾಡ್ರಿ ಇನ್ನ. ಮನುಷ್ಯಾರಂಗ ನಿದ್ದಿ ಮಾಡೂಣು.”

ಹೌದು. ಜಾಗ ಖಾಲಿ ಮಾಡಬಹುದು ಅನ್ನುವ ಕಾಗದಕ್ಕೆ ಸಂಜೆ ಆಕೆಯೇ ಸಹಿ ಹಾಕಿದ್ದಳು. ದಣಿವಿಗೆ ಹಾಕಿದ ಸಹಿ ಅದು.

ಹೊರಗೆ ಮೆಟ್ಟಿಲ ಮೇಲೆ ಹನುಮಪ್ಪನ ಹೆಂಡತಿ ದೇವವ್ವ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಟು ಬಿಚ್ಚಿರಲಿಲ್ಲ.

“ಬಾಯಾರ... ಅವರು ಊಟ ಬಿಟ್ಟಾರ್ರಿ. ರವಿವಾರದಿಂದ ಒಂದ ತುತ್ತ ಮುಟ್ಟಿಲ್ಲ.”

“ತಿನ್ನಾಕ ಹೇಳಬೇ.”

“ಹೇಳಿದ್ರ ಕೇಳ್ತಾರೇನ್ರಿ. ನನ್ನ ಬೀಡೀನ ಅಕ್ಕನ್ನ ತಿಂದಬಿಡ್ತು, ನನಗ್ಯಾಕ ರೊಟ್ಟಿ ಅಂತಾರ.”

ದ್ರಾಕ್ಷಾಯಿಣಿ ಮೆಟ್ಟಿಲು ಇಳಿದಳು.

ಬೆಂಕಿ ತನ್ನ ಹಾದಿಯನ್ನು ತಾನೇ ಬರೆದು ಹೋಗುತ್ತದೆ. ಗೋಡೆಯ ಮೇಲೆ ಕೆಳಗೆ ಕಿರಿದು, ಮೇಲೆ ಅಗಲ... ಬೀಸಣಿಗೆ ಬಿಚ್ಚಿದ ಹಾಗೆ. ಆ ಬೀಸಣಿಗೆಯ ಹಿಡಿ ಎಲ್ಲಿದೆಯೋ ಬೆಂಕಿ ಹುಟ್ಟಿದ್ದು ಅಲ್ಲಿ. ಕಟ್ಟಿಗೆಯ ಕಂಬ ಯಾವ ಮಗ್ಗುಲಲ್ಲಿ ಆಳವಾಗಿ ಸುಟ್ಟಿದೆ ಅಂತ ಆಕೆ ಸಲಾಕೆ ಚುಚ್ಚಿ ಅಳೆದಿದ್ದಳು. ಹಳೇ ಬಲ್ಬಿನ ಗಾಜು ಕಾವಿಗೆ ಮೆತ್ತಗಾಗಿ ಒಂದು ಕಡೆ ಉಬ್ಬಿತ್ತು, ಅದೂ ಆ ಮೂಲೆಯ ಕಡೆಗೇ. ವೈರುಗಳನ್ನು ಮಾರುದ್ದ ಮಾರುದ್ದ ಬೆರಳಾಡಿಸಿ ನೋಡಿದ್ದಳು. ಕಿಡಿ ಹಾರಿದ್ದರೆ ತಾಮ್ರ ಕರಗಿ ಸಾಸಿವೆಯಂಥ ಗುಂಡು ಕಟ್ಟುತ್ತದೆ, ಅದೂ ಇರಲಿಲ್ಲ. ಎಲ್ಲವೂ ಮೂರನೆಯ ಕಂಬದ ಹಿಂದಕ್ಕೇ ಬೊಟ್ಟು ಮಾಡುತ್ತಿದ್ದವು. ಅಲ್ಲಿ ನೋಡಿದರೆ ಬಿದ್ದ ತಗಡು, ಅದರ ಕೆಳಗೆ ಮೇಲಿಂದ ಕೆದಕಿದಷ್ಟೂ ನೀರು ಕುಡಿದ ಮೆಣಸಿನಕಾಯಿ ಬೂದಿ. ಒಲೆ ಇಲ್ಲ, ದೀಪ ಇಲ್ಲ, ಸ್ವಿಚ್ಚಿಲ್ಲ. ಕೆಲಸದ ಹೆಣ್ಣುಮಕ್ಕಳನ್ನೆಲ್ಲ ಕೇಳಿದ್ದಳು. ಆ ಮೂಲ್ಯಾಗ ಏನಿಲ್ರಿ, ಖಾಲಿ ಇರತಿತ್ರಿ ಅಂದಿದ್ದರು.

ಬಾವಿ ಬಂತು. ದ್ರಾಕ್ಷಾಯಿಣಿ ತಲೆ ತಗ್ಗಿಸಿ ನಡೆಯುತ್ತಿದ್ದಳು.

ಕಟ್...

ಒಣ ತೊಟ್ಟು ಮುರಿದ ಸದ್ದು. ಅದರ ಹಿಂದೆಯೇ ಒಣಗಿದ ಕಾಯಿಯೊಳಗೆ ಬೀಜ ಅಲುಗಿದ ಸದ್ದು... ಛಿಲಿಛಿಲಿ. ಆಮೇಲೆ ಕಾಯಿ ಬುಟ್ಟಿಗೆ ಬಿದ್ದದ್ದು. ಮತ್ತೆ ಕಟ್...

ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಸೆರಗು ಹೊದ್ದು, ತಲೆ ತಗ್ಗಿಸಿ. ಮೂರು ದಿನದಿಂದ ಊರ ತುಂಬ ಅದೇ ಸದ್ದು ಕೇಳಿದವಳಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

“ಕೈ ಉರಿಯಾಕತ್ತಾವೇನ ತಂಗಿ?” ಮುದುಕಿ ಕೇಳಿದಳು. ಪಿಸುದನಿ.

ದ್ರಾಕ್ಷಾಯಿಣಿ ನಿಂತಳು. “ಹೂಂ ಆಯಿ. ಭಾಳ.”

“ಹೊಸಬರಿಗೆ ಹಂಗ. ಅಗಸಿ ಎಣ್ಣಿ ಹಚ್ಚಬೇಕವ್ವಾ.”

“ಅಗಸಿ ಎಣ್ಣೀನ?”

“ಗಾಣದ್ದು. ಮ್ಯಾಲೊಂದು ಪದರ ಕಟ್ಟತೈತಿ, ಖಾರ ಒಳಗ ಇಳಿಯಂಗಿಲ್ಲ. ನಾವೆಲ್ಲ ಅದನ್ನ ಹಚ್ಕೊಂಡ ಕುಂದ್ರತೀವಿ. ತಾಸಿಗೊಮ್ಮಿ ಒರಸ್ಕೊಳ್ಳೂದು, ಮತ್ತ ಹಚ್ಕೊಳ್ಳೂದು.”

ಕಟ್... ಛಿಲಿಛಿಲಿ...

ದ್ರಾಕ್ಷಾಯಿಣಿಯ ತಲೆಯಲ್ಲಿ ಎಲ್ಲೋ ಒಂದು ಕಡೆ ಏನೋ ಎದ್ದು ಕೂತಿತು. ನಿಧಾನಕ್ಕೆ.

“ಯಾತರ್ಲೆ ಒರಸ್ಕೋತೀರಿ?”

“ಹಳೇ ಅರಿವೀಲೆ. ಹರದ ಧೋತ್ರ, ಹರದ ಸೀರಿ.”

“ಆ ಅರಿವಿ... ಆಮ್ಯಾಲ ಏನ ಮಾಡ್ತೀರಿ?”

“ದಿನಾ ಬಿಸಲಿಗೆ ಹರವತೀವಿ. ರವಿವಾರ ಹೊತ್ತಾಗಿಬಿಡ್ತು. ಸೋಮವಾರದ ಪ್ಯಾಟಿಗೆ ಮಾಲ ಕಳಸೂದಿತ್ತು. ಹತ್ತರ ತನಕ ಬಿಡಿಸಿದ್ವಿ. ಅರಿವಿ ಅಲ್ಲೊಂದು ಇಲ್ಲೊಂದು ಬಿದ್ರ ನನಗ ಆಗಿಬರಂಗಿಲ್ಲವ್ವಾ. ಎಲ್ಲಾರೂ ಹೋದ ಮ್ಯಾಲ ಆರಿಸ್ಕೊಂಡು ಚೀಲದಾಗ ಒತ್ತಿ ಒತ್ತಿ ತುಂಬಿ ಮೂಲ್ಯಾಗ ಇಟ್ಟೆ. ಮುಂಜಾನೆದ್ದು ಹರವಿದ್ರಾತು ಅಂತ.”

ನೀ ಯಾರು ಅಂತ ದ್ರಾಕ್ಷಾಯಿಣಿ ಕೇಳಲಿಲ್ಲ. ಎಲ್ಲಿ ಇಟ್ಟದ್ದು ಅಂತ ಕೇಳಿದಳು. ಅಷ್ಟು ದಣಿದಿದ್ದಳು.

“ಯಾವ ಮೂಲ್ಯಾಗ, ಆಯಿ?”

“ಎಡಕ್ಕ. ಮೂರನೇ ಕಂಬದ ಹಿಂದ.”

ಅಗಸೆ ಎಣ್ಣೆ ಒಣಗುವ ಎಣ್ಣೆ. ಒಣಗುವಾಗ ಗಾಳಿಯನ್ನು ಹೀರಿಕೊಂಡು ತನಗೆ ತಾನೇ ಬಿಸಿಯಾಗುತ್ತದೆ. ಹರವಿ ಹಾಕಿದರೆ ಆ ಬಿಸಿ ಹಾರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಒತ್ತಿ ತುಂಬಿದರೆ ಹೋಗಲಿಕ್ಕೆ ದಾರಿ ಇಲ್ಲ. ಒಂದು ತಾಸು, ಎರಡು ತಾಸು... ಒಳಗೇ ಏರುತ್ತದೆ. ಕಡ್ಡಿ ಬೇಡ, ಕಿಡಿ ಬೇಡ. ಇದನ್ನು ದ್ರಾಕ್ಷಾಯಿಣಿ ಪರೀಕ್ಷೆಗೆ ಓದಿದ್ದಳು. ಮೂಲೆಯಲ್ಲಿ ಏನಿತ್ತು ಅಂತ ಊರನ್ನೆಲ್ಲ ಕೇಳಿದ್ದಳು. ಕೈ ಒರೆಸಿದ ಅರಿವೆಯನ್ನು ಯಾರು ಒಂದು ವಸ್ತು ಅಂತ ಹೇಳುತ್ತಾರೆ? ಏನಿಲ್ರಿ ಅಂದಿದ್ದರು.

ಬೆಳಿಗ್ಗೆ ಏಳಕ್ಕೆ ಜೆಸಿಬಿ.

“ಆಯಿ, ಆ ಜಾಗಾ ತೋರಿಸ್ತೀಯೇನು?”

“ಬಾ,” ಅಂದಳು ಮುದುಕಿ. ಬುಟ್ಟಿ ಅಲ್ಲೇ ಬಿಟ್ಟು ಎದ್ದಳು.

ಗೋದಾಮಿನ ಗೇಟಿನಲ್ಲಿ ಕಾನ್‌ಸ್ಟೇಬಲ್ ದುರುಗೇಶ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಮೊಬೈಲಿನ ಬೆಳಕು ಮುಖದ ಮೇಲಿತ್ತು.

“ಇಷ್ಟೊತ್ತಿನ್ಯಾಗ ಮತ್ತ ಬಂದ್ರೇನ್ರಿ ಮೇಡಂ? ಒಬ್ಬರ ಹೊಕ್ಕೀರಿ?”

“ಒಬ್ಬಾಕಿ ಎಲ್ಲಿ? ಆಯಿ ಅದಾಳಲ್ಲ.”

ದುರುಗೇಶ ಆಕೆಯ ಹಿಂದೆ ನೋಡಿದ. ಆಕೆಯ ಮುಖ ನೋಡಿದ. ಗೇಟು ತೆರೆದು, ಕುರ್ಚಿ ಎತ್ತಿಕೊಂಡು ಹೋಗಿ ಬೀದಿ ದೀಪದ ಕೆಳಗೆ ಹಾಕಿಕೊಂಡ. ಅಷ್ಟೇ.

ಒಳಗೆ ಕತ್ತಲು. ನೆನೆದ ಚೀಲಗಳಿಂದ ನೀರು... ತೊಟ್... ತೊಟ್... ಮೇಲೆ ಉಳಿದ ತಗಡು ಹಗಲಿನ ಕಾವು ಬಿಡುತ್ತ ಟಣ್ ಅಂತ ಒಮ್ಮೆ ಸದ್ದು ಮಾಡಿತು. ನಾಲ್ಕು ಹೆಜ್ಜೆ ಇಡುವುದರೊಳಗೆ ಘಾಟು ಎದೆಗೆ ಹೊಕ್ಕು ದ್ರಾಕ್ಷಾಯಿಣಿ ಬಗ್ಗಿ ಬಗ್ಗಿ ಕೆಮ್ಮಿದಳು. ಮುದುಕಿಗೆ ಕೆಮ್ಮು ಬರಲಿಲ್ಲ. ಜೀವಮಾನವೆಲ್ಲ ಖಾರದಲ್ಲಿ ಕಳೆದವಳು, ರೂಢಿ ಆಗಿರಬೇಕು ಅಂದುಕೊಂಡಳು. ದಣಿದವರು ಎಲ್ಲಕ್ಕೂ ಹಿಂಗೇ ಒಂದು ಕಾರಣ ಕೊಟ್ಟುಕೊಂಡು ಮುಂದೆ ಹೋಗುತ್ತಾರೆ.

ಮೂರನೆಯ ಕಂಬದ ಹಿಂದೆ ತಗಡು ಸರಿಸಿದಳು. ಕರ್ರ್... ಅಂತ ನೆಲ ಕೆರೆಯಿತು. ಬೂದಿಯನ್ನು ಹೆಗಲ ಬ್ಯಾಗಿನಲ್ಲಿದ್ದ ಕರಣೆಯಿಂದ ತೆಳ್ಳಗೆ, ಪದರು ಪದರಾಗಿ ತೆಗೆದಳು. ಮಸಿ. ಅದರ ಕೆಳಗೆ ಕರಿ ಮೆಣಸಿನಕಾಯಿಯ ಹಸಿ ಮುದ್ದೆ. ಅದರ ಕೆಳಗೆ ಸೆಣಬಿನ ಎಳೆ. ಅಲ್ಲಿಂದ ಕರಣೆ ಬಿಟ್ಟು ಬ್ರಷ್ಷು ಹಿಡಿದಳು. ಸರ್... ಸರ್... ಒಂದು ಮೊಳ ಅಗಲದ ಗಂಟು ಕಂಡಿತು.

ಫೋಟೋ ಬೇಕಿತ್ತು. ಮೂರು ಕಾಲಿನ ಸಣ್ಣ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಪಕ್ಕಕ್ಕೆ ಅಳತೆಪಟ್ಟಿ ಇಟ್ಟಳು. ಉಬ್ಬು ತಗ್ಗು ಕಾಣಬೇಕಾದರೆ ಬೆಳಕು ಮೇಲಿಂದ ಬೀಳಬಾರದು. ಮಗ್ಗುಲಿಂದ, ತಗ್ಗಾಗಿ ಬೀಳಬೇಕು.

“ಆಯಿ, ಈ ಟಾರ್ಚ್ ಹಿಡಿ. ಎಡಕ್ಕ ಕುಂದ್ರು. ಇನ್ನ ಸ್ವಲ್ಪ ತಳಗ... ಹಾಂ. ಅಲುಗಬ್ಯಾಡ.”

ಬೆಳಕು ಸರಿಯಾದ ಜಾಗಕ್ಕೆ ಬಂದು ನಿಂತಿತು. ಒಂದು ಫೋಟೋ. ಎರಡು. ಗಂಟಿನ ಮೇಲ್ಭಾಗ ಬಿಡಿಸಿದಳು. ಮೂರು.

ಹೊರಗಿಂದ ಬಂದ ಬೆಂಕಿ ಹೊರಗಿಂದ ಸುಡುತ್ತದೆ. ಈ ಗಂಟು ತಿರುವುಮುರುವಾಗಿತ್ತು. ನೆಲಕ್ಕೆ ಹತ್ತಿದ್ದ ಹೊರ ಮಡಿಕೆಯಲ್ಲಿ ನೇಯ್ಗೆ ಇನ್ನೂ ಕಾಣುತ್ತಿತ್ತು. ಧೋತ್ರದ ಕೆಂಪು ಅಂಚು ಕೂಡ. ನಟ್ಟನಡುವೆ ಇದ್ದಲಿ. ಅದರ ನಡುವೆ ಮುಷ್ಟಿ ಹಿಡಿಸುವಷ್ಟು ಪೊಳ್ಳು... ಬೆಂಕಿ ಒಳಗಿಂದ ತಿನ್ನುತ್ತ ಹೊರಗೆ ಬಂದಿತ್ತು.

“ಸಿಕ್ತೇನ ತಂಗಿ?”

“ಸಿಕ್ತು.”

“ಏನದು?”

ದ್ರಾಕ್ಷಾಯಿಣಿ ಕ್ಯಾಮೆರಾದ ಕಡೆ ಬಗ್ಗಿದಳು. ಮುದುಕಿಯತ್ತ ತಿರುಗಿ ನೋಡಲಿಲ್ಲ. ನಾಳೆ ಇಡೀ ಊರಿಗೆ ಗೊತ್ತಾಗುವುದೇ. ಸುಳ್ಳು ಹೇಳಿ ಏನು ಮಾಡುವುದು?

“ಅರಿವಿ ಚೀಲ, ಆಯಿ. ಎಣ್ಣಿ ಅರಿವಿ. ಒತ್ತಿ ತುಂಬಿದ್ರ ಒಳಗ ತಾನ ಕಾಯತೈತಿ... ತಾನ ಹತ್ತತೈತಿ. ಬೆಂಕಿ ಇಲ್ಲೇ ಹುಟ್ಟಿದ್ದು.”

ತೊಟ್... ತೊಟ್...

ಆಕೆ ಗುಂಡಿ ಒತ್ತಿದಳು. ನಾಲ್ಕನೆಯ ಫೋಟೋ.

“ಹಂಗಾರ... ಬೀಡಿದಲ್ಲ.”

“ಅಲ್ಲ.”

“ಹನುಮಪ್ಪಂದಲ್ಲ.”

“ಅಲ್ಲ ಆಯಿ. ಯಾರದೂ ತಪ್ಪಲ್ಲ. ಯಾರಿಗೂ ಗೊತ್ತಿರಲಿಲ್ಲ.”

ದ್ರಾಕ್ಷಾಯಿಣಿ ಇನ್ನೆರಡು ಫೋಟೋ ತೆಗೆದಳು. ಗಂಟಿನ ನಡುಭಾಗವನ್ನು ಚಿಮುಟದಿಂದ ಎತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಟಕ್.

“ಅವಗ ಉಣ್ಣಾಕ ಹೇಳವ್ವಾ.”

“ಹೇಳ್ತೇನಿ. ಆಯಿ, ಜೊತಿಗೆ ಇದ್ದವರ ಹೆಸರು ಬರೀಬೇಕು. ನಿನ್ನ ಹೆಸರ ಏನಂತ ಬರೀಲಿ?”

ಡಬ್ಬಿಯ ಚೀಟಿಯ ಮೇಲೆ ಪೆನ್ನು ಇಟ್ಟು ಕಾದಳು. ಉತ್ತರ ಬರಲಿಲ್ಲ. ತಿರುಗಿದಳು. ಟಾರ್ಚು ಒಂದು ಇಟ್ಟಿಗೆಯ ಮೇಲಿತ್ತು. ಹೊತ್ತಿಕೊಂಡೇ ಇತ್ತು.

ಆಗ ಕೇಳಿದ ಮಾತೆಲ್ಲ ಒಂದೊಂದಾಗಿ ತಿರುಗಿ ಬಂದವು. ಎಲ್ಲಾರೂ ಹೋದ ಮ್ಯಾಲ... ಚೀಲದಾಗ... ಇಟ್ಟೆ. ರವಿವಾರ ರಾತ್ರಿ ಎಲ್ಲರೂ ಹೋದ ಮೇಲೆ ಈ ಗೋದಾಮಿನೊಳಗೆ ಉಳಿದವಳು ಒಬ್ಬಳೇ.

ದ್ರಾಕ್ಷಾಯಿಣಿ ಓಡಲಿಲ್ಲ, ಚೀರಲಿಲ್ಲ. ಅಲ್ಲೇ ಬೂದಿಯ ಮೇಲೆ ಕೂತುಬಿಟ್ಟಳು. ಹೆದರಲಿಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ, ಅಕ್ಕ... ಅದು ನನ್ನಲ್ಲಿ ಉಳಿದಿರಲಿಲ್ಲ ಅಂತ ಆಮೇಲೆ ನನ್ನೆದುರು ಹೇಳಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಆಕೆ ಅದೇ ಗಾಣದ ಎಣ್ಣೆ ತರಿಸಿದಳು. ಅಂಥವೇ ಹಳೇ ಅರಿವೆ ಅದ್ದಿ, ಹಿಂಡಿ, ಚೀಲಕ್ಕೆ ಒತ್ತಿ ತುಂಬಿ, ಠಾಣೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಟ್ಟು, ನಡುವೆ ತಾಪಮಾನ ಅಳೆಯುವ ತಂತಿ ಸಿಗಿಸಿದಳು. ರುದ್ರಮುನಿ ಗಳಿಗೆಗೊಮ್ಮೆ ಬಂದು ನೋಡಿ, “ಏನ್ರಿ ಮೇಡಂ, ಕುದಿ ಬಂತೇನು?” ಅಂತ ನಗುತ್ತಿದ್ದ. ಹನ್ನೊಂದಕ್ಕೆ ನಗು ನಿಂತಿತು. ಹನ್ನೆರಡೂವರೆಗೆ ಚೀಲದ ಬಾಯಲ್ಲಿ ಸಣ್ಣ ಬಿಳಿ ಹೊಗೆ. ಅವನು ಬಕೆಟ್ಟು ನೀರು ಹಿಡಿದು ನಿಂತುಕೊಂಡ. ಕೋರ್ಟಿಗೆ ಬೀಡಿ ಹೋಗಲಿಲ್ಲ. ಹನುಮಪ್ಪನಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟರು.

ದ್ರಾಕ್ಷಾಯಿಣಿ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಎಣ್ಣೆ, ಅರಿವೆ, ಚೀಲ. ಠಾಣೆಯ ಮೆಟ್ಟಿಲ ಮೇಲೆ ದೇವವ್ವ ಅವನ ಮುಂದೆ ಬುತ್ತಿ ಬಿಚ್ಚಿದಳು. ಅವನು ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಕೂತ.

“ಅಕ್ಕಗ ಇದು ಗೊತ್ತಾಗದ ಹೋದದ್ದ ಚಲೋ ಆತ್ರಿ,” ಅಂದ. “ಗೊತ್ತಾಗಿದ್ರ ಭಾಳ ನೊಂದ್ಕೊಂತಿದ್ಲು.”

ದ್ರಾಕ್ಷಾಯಿಣಿ ಹೂಂ ಅಂದಳು. ಅವನು ರೊಟ್ಟಿ ಬಾಯಿಗಿಟ್ಟ.

ಆಕೆಯ ಮೇಲಧಿಕಾರಿ ಸುಭಾಷ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, ಬೆಳಕು ಹಿಡಿದವರು ಯಾರು ಅಂತ ಕೇಳಿದ. ಯಾರೂ ಇರಲಿಲ್ಲ, ಟಾರ್ಚು ಇಟ್ಟಿಗೆಯ ಮೇಲಿತ್ತು ಅಂದಳು. ವರದಿಯಲ್ಲೂ ಹಾಗೇ ಇದೆ. ದುರುಗೇಶನನ್ನು ಬೇಕಾದರೆ ಕೇಳಿ, ಒಳಗೆ ಹೋದವರು ಒಬ್ಬರು, ಬಂದವರು ಒಬ್ಬರು ಅಂತಾನೆ. ನಮ್ಮ ಮನೆಯಲ್ಲಿ ನನ್ನ ತಮ್ಮನೂ ಇದೇ ವಾದ ಹೂಡಿದ್ದ. ದಣಿವು, ಜಾಗರಣೆ, ಘಾಟು ನೆತ್ತಿಗೇರಿದ್ದು... ಬಾಯಿಗೆ ಬಂದದ್ದೆಲ್ಲ ಹೇಳಿದ. ಹೇಳಲಿ. ಅವನು ಆ ಫೋಟೋ ನೋಡಿಲ್ಲ. ನಾನು ನೋಡಿದ್ದೇನೆ, ಕನ್ನಡಕ ಹಾಕಿಕೊಂಡು, ಹಗಲಲ್ಲಿ, ಒಂದಲ್ಲ ಹತ್ತು ಸಲ.

ಒಟ್ಟು ಆರು ಫೋಟೋ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತು, ಅಲುಗಿಲ್ಲ. ಆರರಲ್ಲೂ ಅಳತೆಪಟ್ಟಿಯ ಅಂಕಿಗಳನ್ನು ಒಂದೊಂದಾಗಿ ಓದಬಹುದು. ಐದರಲ್ಲಿ ಪಟ್ಟಿಯ ನೆರಳು ಕತ್ತರಿಸಿಟ್ಟ ಹಾಗೆ ಚೊಕ್ಕ ಇದೆ. ಚೀಲದ ಮಾತು ಹೇಳಿದ ಮರುಗಳಿಗೆ ತೆಗೆದ ನಾಲ್ಕನೆಯದರಲ್ಲಿ ಅಂಕಿ ಸ್ಪಷ್ಟ, ಅರಿವೆಯ ಎಳೆ ಸ್ಪಷ್ಟ... ನೆರಳು ಮಾತ್ರ ನಡುಗಿದೆ.